ಬೆಟ್ಟಗಳ ನಡುವೆ ನಡೆದ ವೈದ್ಯ: ಡಾ. ದ್ವಾರಕಾನಾಥ ಕೋಟಣೀಸ

ಸೊಲ್ಲಾಪುರವು ಕಾಯಕಜೀವಿಗಳ ಊರು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಬಾಲ್ಯದಲ್ಲಿಯೇ ಮಲ್ಲಿಕಾರ್ಜುನನನ್ನು ಅರಸುತ್ತ ಶ್ರೀಶೈಲದ ಗಿರಿಗೆ ನಡೆದರೆಂದೂ, ಮರಳಿ ಬಂದು ಕೆರೆಯನ್ನು ಕಟ್ಟಿಸಿ ಲೋಕೋಪಕಾರದಲ್ಲಿ ತೊಡಗಿದರೆಂದೂ ನಮ್ಮ ಮನೆಗಳ ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಆ ಮಹಾಪುರುಷರ ಊರಿನಲ್ಲಿಯೇ ಇಪ್ಪತ್ತನೆಯ ಶತಮಾನದಲ್ಲಿ ಜನಿಸಿದ ಒಬ್ಬ ತರುಣ ವೈದ್ಯರು ಪರದೇಶದ ಪರ್ವತಗಳನ್ನು ಕಾಲ್ನಡಿಗೆಯಲ್ಲಿ ದಾಟಿ, ಗುರುತು ಪರಿಚಯವಿಲ್ಲದ ಜನರ ಗಾಯಗಳಿಗೆ ಮದ್ದು ಕಟ್ಟಿ, ಆ ಬೆಟ್ಟಗಳ ಮಡಿಲಿನಲ್ಲಿಯೇ ದೇಹವಿಟ್ಟರು. ಅವರೇ ಡಾ. ದ್ವಾರಕಾನಾಥ ಶಾಂತಾರಾಮ ಕೋಟಣೀಸ.

ಕೋಟಣೀಸರ ಹೆಸರನ್ನು ಕೇಳದವರು ನಮ್ಮ ಭಾಗದಲ್ಲಿ ವಿರಳ. ಚೀನ ದೇಶಕ್ಕೆ ಹೋದರು, ಸೈನಿಕರ ಸೇವೆ ಮಾಡಿದರು, ಅಲ್ಲಿಯೇ ತೀರಿಕೊಂಡರು ಎಂಬಷ್ಟನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಆ ಸೇವೆಯು ಎಂತಹ ನೆಲದಲ್ಲಿ, ಯಾವ ಬಗೆಯಲ್ಲಿ ನಡೆಯಿತೆಂಬುದನ್ನು ತಿಳಿದವರು ಕಡಿಮೆ. ಕೋಟಣೀಸರು ಶಸ್ತ್ರಚಿಕಿತ್ಸಕರಾಗಿದ್ದಂತೆಯೇ ದೊಡ್ಡ ನಡಿಗೆಗಾರರೂ ಆಗಿದ್ದರು. ಅವರ ಕೈಯ ಕುಶಲತೆ ರೋಗಿಯನ್ನು ಮುಟ್ಟಬೇಕಾದರೆ ಮೊದಲು ಅವರ ಕಾಲುಗಳು ಬೆಟ್ಟವನ್ನು ದಾಟಬೇಕಾಗಿತ್ತು. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ನಡಿಗೆಯ ಕಥೆಯನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ಜನನ ಮತ್ತು ವಿದ್ಯಾಭ್ಯಾಸ

ದ್ವಾರಕಾನಾಥರು 1910ನೆಯ ಇಸವಿ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ ಜನಿಸಿದರು. ಮನೆಯ ಮಾತು ಮರಾಠಿ. ತಂದೆ ಶಾಂತಾರಾಮ ಕೋಟಣೀಸರು ಇಲ್ಲಿಯ ಬಟ್ಟೆ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ಗಂಡು ಹೆಣ್ಣು ಮಕ್ಕಳಿಂದ ತುಂಬಿದ ಮಧ್ಯಮ ವರ್ಗದ ಸಂಸಾರ ಅದು. ಗಿರಣಿಯ ಭೋಂಗಾ ಕೂಗಿದೊಡನೆ ಏಳುವ, ಮಗ್ಗದ ಸದ್ದಿನ ನಡುವೆ ಮಲಗುವ ಊರಿನಲ್ಲಿ ಅವರ ಬಾಲ್ಯ ಕಳೆಯಿತು. ಮರಾಠಿ, ಕನ್ನಡ, ತೆಲುಗು, ಉರ್ದು ಎಂಬ ನಾಲ್ಕು ನುಡಿಗಳು ಒಂದೇ ಓಣಿಯಲ್ಲಿ ಕೇಳಿಬರುವ ಊರು ಸೊಲ್ಲಾಪುರ. ಬೇರೆ ಭಾಷೆಯವನು ಪರಕೀಯನಲ್ಲವೆಂಬ ಪಾಠವನ್ನು ಇಲ್ಲಿಯ ಮಕ್ಕಳಿಗೆ ಯಾರೂ ಬೇರೆಯಾಗಿ ಕಲಿಸಬೇಕಾಗಿಲ್ಲ.

ಕೋಟಣೀಸರ ತಾರುಣ್ಯದ ದಿನಗಳಲ್ಲಿಯೇ ಈ ಊರು ದೇಶದ ಕಣ್ಣು ಸೆಳೆಯಿತು. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಸೊಲ್ಲಾಪುರದ ಜನ ಕೆರಳಿದರು. ಗೋಲೀಬಾರು ನಡೆಯಿತು. ಕೆಲವು ದಿನ ಬ್ರಿಟಿಷರ ಆಡಳಿತವೇ ಇಲ್ಲಿ ನಿಂತುಹೋಯಿತು. ತರುವಾಯ ಮಾರ್ಷಲ್ ಲಾ ಹೇರಲಾಯಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಎಂಬ ನಾಲ್ವರು 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದರು. ಕೋಟಣೀಸರಿಗೆ ಆಗ ಇಪ್ಪತ್ತು ವರ್ಷ. ಇಂತಹ ಊರಿನ ಮಗನಿಗೆ ಪರರ ದಾಸ್ಯವೆಂದರೇನು ಎಂಬುದನ್ನು ಪುಸ್ತಕ ತೆರೆದು ಓದಬೇಕಾಗಿರಲಿಲ್ಲ.

ವೈದ್ಯಕೀಯ ಶಿಕ್ಷಣಕ್ಕಾಗಿ ಅವರು ಮುಂಬಯಿಯ ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜನ್ನು ಸೇರಿದರು. ಅಧ್ಯಾಪಕರೆಲ್ಲರೂ ಭಾರತೀಯರೇ ಆಗಿರಬೇಕೆಂಬ ದಾನಿಗಳ ಕಟ್ಟಳೆಯೊಡನೆ ಹುಟ್ಟಿದ ಸಂಸ್ಥೆ ಅದು. 1936ರಲ್ಲಿ ಪದವಿ ಪಡೆದ ಕೋಟಣೀಸರು ಹೆಚ್ಚಿನ ವ್ಯಾಸಂಗಕ್ಕೆ ಸಿದ್ಧರಾಗುತ್ತಿದ್ದರು. ಮುಂದೆ ಊರಿನಲ್ಲಿಯೋ ಮುಂಬಯಿಯಲ್ಲಿಯೋ ದವಾಖಾನೆ ತೆರೆದು, ಮನೆಯ ಭಾರವನ್ನು ಹೊತ್ತು, ಸುಖವಾಗಿ ಬಾಳಬಹುದಾಗಿತ್ತು.

ಚೀನದಿಂದ ಬಂದ ಕರೆ

1937ರ ಜುಲೈ ತಿಂಗಳಲ್ಲಿ ಜಪಾನಿನ ಸೈನ್ಯ ಚೀನದ ಮೇಲೆ ಪೂರ್ಣ ಪ್ರಮಾಣದ ಯುದ್ಧವನ್ನು ಹೂಡಿತು. ಪಟ್ಟಣಗಳು ಉರಿದವು. ಗಾಯಾಳುಗಳ ಸಂಖ್ಯೆಗೆ ಹೋಲಿಸಿದರೆ ತರಬೇತಿ ಪಡೆದ ವೈದ್ಯರು ಇಲ್ಲವೆಂಬಷ್ಟು ಕಡಿಮೆ. ಎಂಟನೆಯ ಮಾರ್ಗ ಸೇನೆಯ ದಂಡನಾಯಕ ಚೂ ತೇ ಅವರು ಪಂಡಿತ ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ವೈದ್ಯರ ನೆರವನ್ನು ಯಾಚಿಸಿದರು. ಸುಭಾಷಚಂದ್ರ ಬೋಸರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ಸು 1938ರಲ್ಲಿ ದೇಶದಾದ್ಯಂತ ಚೀನ ದಿನವನ್ನು ಆಚರಿಸಿ 22,000 ರೂಪಾಯಿಗಳ ನಿಧಿಯನ್ನು ಕೂಡಿಸಿತು. ನಾವೇ ಪರಾಧೀನರಾಗಿದ್ದ ಕಾಲದಲ್ಲಿ ಇನ್ನೊಂದು ನೊಂದ ದೇಶಕ್ಕೆ ಕೊಟ್ಟ ಕಾಣಿಕೆ ಅದು.

ಐವರು ವೈದ್ಯರ ತಂಡ ಸಿದ್ಧವಾಯಿತು. ಸ್ಪೇನಿನ ಯುದ್ಧಭೂಮಿಯಲ್ಲಿ ಸೇವೆ ಮಾಡಿದ್ದ ಅಲಾಹಾಬಾದಿನ ಡಾ. ಅಟಲ್ ತಂಡದ ನಾಯಕರು. ನಾಗಪುರದ ಡಾ. ಚೋಳಕರ, ಕಲಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಸೊಲ್ಲಾಪುರದ ಡಾ. ಕೋಟಣೀಸ, ಹೀಗೆ ಉಳಿದ ನಾಲ್ವರು. 1938ರ ಸೆಪ್ಟೆಂಬರ್ 1ರಂದು ಅವರು ಮುಂಬಯಿಯಿಂದ ಹಡಗನ್ನೇರಿ, ಅದೇ ತಿಂಗಳು ದಕ್ಷಿಣ ಚೀನದ ಕ್ಯಾಂಟನ್ ಬಂದರನ್ನು ಮುಟ್ಟಿದರು. ಜಪಾನೀಯರು ಮುಂದೆ ಮುಂದೆ ಒತ್ತುತ್ತಿದ್ದಂತೆ ಈ ವೈದ್ಯರು ಒಂದು ಊರಿನಿಂದ ಇನ್ನೊಂದು ಊರಿಗೆ ಸರಿಯುತ್ತ, ಹೋದಲ್ಲೆಲ್ಲ ಆಸ್ಪತ್ರೆಗಳಲ್ಲಿ ದುಡಿಯುತ್ತ ಚುಂಗ್‌ಕಿಂಗ್ ನಗರಕ್ಕೆ ಬಂದರು. ಚೀನೀ ಜನರ ನಾಲಗೆಗೆ ಹೊಂದುವಂತೆ ಅವರು ಹೊಸ ಹೆಸರುಗಳನ್ನು ಧರಿಸಿದರು. ಕೋಟಣೀಸರು ಕೆ ದಿಹುವಾ ಆದರು. ಹುವಾ ಎಂದರೆ ಚೀನ.

ಯೆನಾನ್ ನಗರಕ್ಕೆ ಹೊರಡುವ ಮೊದಲು ಅವರಿಗೆ ಸಿಡಿಲಿನಂತಹ ಸುದ್ದಿ ಬಂದಿತು. ಸೊಲ್ಲಾಪುರದಲ್ಲಿ ತಂದೆ ತೀರಿಕೊಂಡಿದ್ದರು. ಗಂಡುಮಗನು ಮನೆಗೆ ಬೇಕಾಗಿದ್ದ ಹೊತ್ತು. ಒಡನಾಡಿಗಳು ಮರಳಿ ಹೋಗಲು ಹೇಳಿದರು. ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಕೋಟಣೀಸರು ಹೋಗಲಿಲ್ಲ. ಕೈಗೆತ್ತಿಕೊಂಡ ಕೆಲಸ ಇನ್ನೂ ಆರಂಭದಲ್ಲಿಯೇ ಇತ್ತು. ಈ ನಿರ್ಧಾರವನ್ನು ನಾವು ಸುಲಭವಾಗಿ ಹೊಗಳಿ ಮುಂದೆ ಸಾಗಬಾರದು. ಅದರ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ, ಸೊಲ್ಲಾಪುರದ ಆ ಮನೆಯ ತಾಯಿಯೂ ಒಡಹುಟ್ಟಿದವರೂ ತೆತ್ತರು. ತ್ಯಾಗಿಯ ಹಿಂದೆ ಒಂದು ಸಂಸಾರದ ತ್ಯಾಗವಿರುತ್ತದೆಂಬುದನ್ನು ಚರಿತ್ರೆ ಬರೆಯುವವರು ಮರೆಯುವುದುಂಟು.

1939ರ ಫೆಬ್ರವರಿಯಲ್ಲಿ ತಂಡವು ಯೆನಾನ್ ತಲುಪಿತು. ಹಳದಿ ಮಣ್ಣಿನ ಗುಡ್ಡಗಳ ಕೊರಕಲು ನಾಡು ಅದು. ಬಾಂಬಿನ ಭಯದಿಂದ ಜನ ಗುಡ್ಡಗಳನ್ನು ಕೊರೆದು ಮಾಡಿದ ಗವಿಗಳಲ್ಲಿ ವಾಸಿಸುತ್ತಿದ್ದರು. ಆಸ್ಪತ್ರೆಯೂ ಗವಿಗಳಲ್ಲಿಯೇ. ಮಾವೋ ತ್ಸೆ ತುಂಗರು ಈ ವೈದ್ಯರನ್ನು ಬರಮಾಡಿಕೊಂಡರು. ಆ ವರ್ಷವೇ ಚೋಳಕರ ಹಾಗೂ ಮುಖರ್ಜಿಯವರು ಸ್ವದೇಶಕ್ಕೆ ಮರಳಿದರು. ಉಳಿದ ಮೂವರು ಇನ್ನೂ ಮುಂದೆ, ಯುದ್ಧ ನಡೆಯುತ್ತಿದ್ದ ಬೆಟ್ಟಗಳ ಕಡೆಗೆ ಹೋಗಲು ನಿಶ್ಚಯಿಸಿದರು.

ದಾರಿ ಬಿಟ್ಟು ನಡೆದ ದಾರಿ

ಉತ್ತರ ಚೀನದಲ್ಲಿ ಶಾನ್ಸಿ ಪ್ರಸ್ಥಭೂಮಿಗೂ ಪೂರ್ವದ ಬಯಲು ಸೀಮೆಗೂ ನಡುವೆ ತೈಹಾಂಗ್ ಎಂಬ ಪರ್ವತಶ್ರೇಣಿ ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಗೋಡೆಯಂತೆ ನಿಂತಿದೆ. ಅದರ ಉತ್ತರಕ್ಕೆ ಬೌದ್ಧರ ಪುಣ್ಯಕ್ಷೇತ್ರವಾದ ವೂತಾಯ್ ಪರ್ವತ. ಅದರ ತುದಿ ಸಮುದ್ರಮಟ್ಟದಿಂದ 3,061 ಮೀಟರ್ ಎತ್ತರ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆ ಸುಮಾರು 450 ಮೀಟರಿನ ಎತ್ತರದಲ್ಲಿರುವ ಕರಿ ಮಣ್ಣಿನ ಬಯಲು. ಕಣ್ಣು ಹಾಯುವವರೆಗೆ ಜೋಳದ ಹೊಲ, ಬೇಸಿಗೆಯಲ್ಲಿ ಕೆಂಡದಂತಹ ಬಿಸಿಲು. ಇಂತಹ ಬಯಲಿನಲ್ಲಿ ಬೆಳೆದ ಕಾಲುಗಳು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಬೆಟ್ಟಗಳ ಏರಿಳಿತಕ್ಕೆ ಪಳಗಬೇಕಾಯಿತು. ಜೋಳದ ರೊಟ್ಟಿಯನ್ನುಂಡು ಬೆಳೆದವರಿಗೆ ಅಲ್ಲಿ ದೊರೆಯುತ್ತಿದ್ದುದು ಮುಖ್ಯವಾಗಿ ನವಣೆಯ ಗಂಜಿ. ಅದೊಂದರಲ್ಲಿ ಮಾತ್ರ ಅವರಿಗೆ ತವರಿನ ಧಾನ್ಯದ ನಂಟು ಉಳಿದಿತ್ತೆನ್ನಬಹುದು.

1939ರ ಕೊನೆಯಲ್ಲಿ ಅಟಲ್, ಬಸು, ಕೋಟಣೀಸರು ಯೆನಾನ್ ಬಿಟ್ಟು, ಹಳದಿ ನದಿಯನ್ನು ದಾಟಿ, ಶಾನ್ಸಿಯ ಆಗ್ನೇಯಕ್ಕಿದ್ದ ಸೇನೆಯ ಮುಖ್ಯ ಠಾಣ್ಯವನ್ನು ತಲುಪಿದರು. ತಮ್ಮನ್ನು ಕರೆಸಿಕೊಂಡ ಚೂ ತೇ ಅವರನ್ನು ಅಲ್ಲಿ ಕಂಡರು. ದೇಹಸ್ಥಿತಿ ಕೆಟ್ಟುದರಿಂದ ಅಟಲ್ ಅವರು ಹಿಂದಿರುಗಬೇಕಾಯಿತು. 1940ರ ವಸಂತದಲ್ಲಿ ಬಸು ಹಾಗೂ ಕೋಟಣೀಸರಿಬ್ಬರೇ ಉತ್ತರದ ಗಡಿ ಪ್ರದೇಶದತ್ತ ಹೊರಟರು.

ಇಲ್ಲಿ ಆ ನಡಿಗೆಯ ರೀತಿಯನ್ನು ಸ್ವಲ್ಪ ವಿವರಿಸಬೇಕು. ರೈಲುಮಾರ್ಗಗಳೂ ದೊಡ್ಡ ರಸ್ತೆಗಳೂ ಜಪಾನೀಯರ ವಶದಲ್ಲಿದ್ದವು. ಹಳಿಗಳ ಉದ್ದಕ್ಕೂ ಕಾವಲು ಬುರುಜುಗಳು, ಅಗೆದ ಕಂದಕಗಳು. ಆದುದರಿಂದ ಸಾಮಾನ್ಯ ಪ್ರಯಾಣಿಕನಿಗೆ ದಾರಿ ಎಂಬುದು ಯಾವುದೋ ಅದೇ ಇವರಿಗೆ ಅಪಾಯ. ಕುರಿ ಮೇಯಿಸುವವರ ಜಾಡು, ಒಣಗಿದ ಹಳ್ಳದ ಪಾತ್ರ, ಬೆಟ್ಟದ ಓರೆ, ಇವೇ ಅವರ ಮಾರ್ಗ. ಸ್ಥಳೀಯ ರೈತರು ಮುಂದೆ ನಡೆದು ದಾರಿ ತೋರಿಸಬೇಕು. ಶತ್ರುವಿನ ಸಾಲನ್ನು ದಾಟುವುದು ಕತ್ತಲಲ್ಲಿ. ದೀಪವಿಲ್ಲ, ಮಾತಿಲ್ಲ, ಮುಂದಿನವನ ಬೆನ್ನನ್ನು ನೋಡುತ್ತ ಹೆಜ್ಜೆ ಹಾಕಬೇಕು. ರೈಲುಹಳಿಯನ್ನು ದಾಟಿದ ಮೇಲೆ ಬೆಳಗಾಗುವುದರೊಳಗೆ ಬಹಳ ದೂರ ಸಾಗಿಹೋಗಿರಬೇಕು. ಔಷಧದ ಪೆಟ್ಟಿಗೆ, ಶಸ್ತ್ರಚಿಕಿತ್ಸೆಯ ಉಪಕರಣಗಳು ಹೇಸರಗತ್ತೆಯ ಬೆನ್ನ ಮೇಲೆ ಇಲ್ಲವೆ ಮನುಷ್ಯನ ಹೆಗಲ ಮೇಲೆ.

ಹೀಗೆ ಬೆಟ್ಟವನ್ನೂ ಬಯಲನ್ನೂ ದಾಟುತ್ತ 1940ರ ಜೂನ್ ತಿಂಗಳಲ್ಲಿ ಅವರು ಹೆಬೈ ಪ್ರಾಂತದ ಟಾಂಗ್ ಸೀಮೆಯನ್ನು ಸೇರಿದರು. ಕೆನಡಾ ದೇಶದ ಹೆಸರಾಂತ ಶಸ್ತ್ರಚಿಕಿತ್ಸಕ ಡಾ. ನಾರ್ಮನ್ ಬೆಥೂನ್ ಅವರು ದುಡಿದು, ಕೈಬೆರಳಿನ ಗಾಯ ನಂಜೇರಿ, 1939ರ ನವೆಂಬರ್ 12ರಂದು ಪ್ರಾಣಬಿಟ್ಟ ಸೀಮೆ ಅದು. ಬೆಥೂನರ ಸಮಾಧಿಯ ಉದ್ಘಾಟನೆಯ ವೇಳೆಗೆ ಸರಿಯಾಗಿ ಈ ಭಾರತೀಯರು ಅಲ್ಲಿಗೆ ಬಂದಿದ್ದರು. ಕೆಲವು ತಿಂಗಳುಗಳ ನಂತರ ಬಸು ಅವರೂ ಯೆನಾನ್‌ಗೆ ಮರಳಿದರು. ಐವರಲ್ಲಿ ಆ ಬೆಟ್ಟಗಳಲ್ಲಿ ಉಳಿದವರು ಕೋಟಣೀಸರೊಬ್ಬರೇ.

ರೋಗಿಯ ಬಳಿಗೆ ವೈದ್ಯ

ಯುದ್ಧದ ಗಾಯದಲ್ಲಿ ಕಾಲವೇ ಪ್ರಾಣ. ಗುಂಡು ತಗಲಿದ ಮೇಲೆ ಗಾಯವನ್ನು ಬೇಗ ಶುಚಿಗೊಳಿಸಿ ಸತ್ತ ಮಾಂಸವನ್ನು ಕತ್ತರಿಸಿ ತೆಗೆಯದಿದ್ದರೆ ನಂಜೇರುತ್ತದೆ. ಪೆನಿಸಿಲಿನ್ ಆ ಬೆಟ್ಟಗಳಿಗೆ ಇನ್ನೂ ಬಂದಿರದ ಕಾಲ. ಗಾಯಾಳುವನ್ನು ಡೋಲಿಯಲ್ಲಿ ಹೊತ್ತು ಎರಡು ಮೂರು ಬೆಟ್ಟಗಳನ್ನು ದಾಟಿಸಿ ಆಸ್ಪತ್ರೆಗೆ ತರುವಷ್ಟರಲ್ಲಿ ಕಾಲನ್ನೋ ಕೈಯನ್ನೋ ಕತ್ತರಿಸಬೇಕಾಗುತ್ತಿತ್ತು. ಹಲವರು ದಾರಿಯಲ್ಲಿಯೇ ಸಾಯುತ್ತಿದ್ದರು. ಆದುದರಿಂದ ರೋಗಿ ವೈದ್ಯನ ಬಳಿಗೆ ಬರುವ ಬದಲು ವೈದ್ಯನೇ ರೋಗಿಯ ಬಳಿಗೆ ಹೋಗಬೇಕೆಂಬುದು ಬೆಥೂನರು ಹಾಕಿಕೊಟ್ಟ ಪದ್ಧತಿ. ಅದನ್ನು ಕೋಟಣೀಸರು ತಮ್ಮ ಕಾಲ್ಬಲದಿಂದ ಮುಂದುವರಿಸಿದರು.

1940ರ ಆಗಸ್ಟ್‌ನಲ್ಲಿ ಆರಂಭವಾದ ದೊಡ್ಡ ಕಾಳಗದಲ್ಲಿ ರಣರಂಗದ ಸಮೀಪದಲ್ಲಿಯೇ ಶಸ್ತ್ರಚಿಕಿತ್ಸೆಯ ಮೇಜನ್ನು ಹೂಡಿ, ಒಮ್ಮೆ ಎಪ್ಪತ್ತೆರಡು ಗಂಟೆಗಳ ಕಾಲ ನಿದ್ದೆಯಿಲ್ಲದೆ ಅವರು ದುಡಿದರೆಂದು ಹೇಳುತ್ತಾರೆ. ರೈತನ ಮನೆಯ ಬಾಗಿಲೇ ಮೇಜು, ಕುದಿಸಿದ ಉಪ್ಪುನೀರೇ ಗಾಯ ತೊಳೆಯುವ ಮದ್ದು. ಪಟ್ಟಿಗಳನ್ನು ಒಗೆದು, ಕುದಿಸಿ, ಒಣಗಿಸಿ ಮತ್ತೆ ಮತ್ತೆ ಬಳಸುತ್ತಿದ್ದರು. ಅರಿವಳಿಕೆಯ ಔಷಧ ಸದಾ ಕೊರತೆಯಲ್ಲಿರುತ್ತಿತ್ತು.

1941ರ ಜನವರಿಯಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಅವರು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾಗಿ ನೇಮಕಗೊಂಡರು. ಟಾಂಗ್ ಸೀಮೆಯ ಗೆಗಾಂಗ್ ಎಂಬ ಹಳ್ಳಿಯಲ್ಲಿ ಆಸ್ಪತ್ರೆ. ಹೆಸರು ದೊಡ್ಡದು, ಕಟ್ಟಡ ಮಾತ್ರ ಇಲ್ಲ. ಹಳ್ಳಿಗರ ಮನೆಗಳೇ ವಾರ್ಡುಗಳು. ಜೊತೆಗೆ ಬೆಥೂನರ ಹೆಸರಿನ ವೈದ್ಯಕೀಯ ಶಾಲೆ. ಆ ವರ್ಷದ ಶರತ್ಕಾಲದಲ್ಲಿ ಜಪಾನೀ ಸೈನ್ಯ ಬೆಟ್ಟಗಳನ್ನು ಸುತ್ತುಗಟ್ಟಿ ಹಳ್ಳಿ ಹಳ್ಳಿಗಳನ್ನು ಜಾಲಾಡಿತು. ಆಗ ಆಸ್ಪತ್ರೆಯೇ ಎದ್ದು ನಡೆಯಬೇಕಾಯಿತು. ರೋಗಿಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಹಂಚಿ, ರೈತರ ಹೆಗಲ ಮೇಲೆ ಡೋಲಿಗಳಲ್ಲಿ ಹೊರಿಸಿ, ಮೇಲಿನ ಕಣಿವೆಗಳಿಗೆ ಸಾಗಿಸುತ್ತಿದ್ದರು. ಇಂದು ಇದ್ದ ಹಳ್ಳಿಯಲ್ಲಿ ನಾಳೆ ಇಲ್ಲ. ನಿಂತಲ್ಲಿ ಚಿಕಿತ್ಸೆ, ಕುಳಿತಲ್ಲಿ ಪಾಠ.

ಪಾಠವನ್ನು ಅವರು ಹೇಳುತ್ತಿದ್ದುದು ಚೀನೀ ಭಾಷೆಯಲ್ಲಿ. ನಮ್ಮಂತಹ ಶಾಲೆಯವರು ಗಮನಿಸಬೇಕಾದ ಸಂಗತಿ ಇದು. ಬಂದ ಹೊಸದರಲ್ಲಿ ಒಂದಕ್ಷರವನ್ನೂ ಅರಿಯದಿದ್ದ ಕೋಟಣೀಸರು ಎರಡು ಮೂರು ವರ್ಷಗಳಲ್ಲಿ ಆ ನುಡಿಯಲ್ಲಿ ಬೋಧಿಸುವಷ್ಟು ಪ್ರಭುತ್ವ ಪಡೆದರು. ವಿದ್ಯಾರ್ಥಿಗಳಿಗಾಗಿ ಶಸ್ತ್ರಚಿಕಿತ್ಸೆಯ ಸಾಮಾನ್ಯ ತತ್ತ್ವಗಳ ಮೇಲೆ ಪಠ್ಯವೊಂದನ್ನು ಸಿದ್ಧಪಡಿಸಿದರು. ಎರಡನೆಯದನ್ನು ಬರೆಯಲಾರಂಭಿಸಿದ್ದರು. ಹಳ್ಳಿಯ ಹುಡುಗರು ತಮಗೆ ತಿಳಿಯುವ ಮಾತಿನಲ್ಲಿ ಕಲಿತರೆ ಮಾತ್ರ ಕಲಿತದ್ದು ಕೈಗೆ ಬರುತ್ತದೆಂಬುದನ್ನು ಅವರು ಬಲ್ಲರು. ಹೀಗೆ ಕಲಿತವರು ಹತ್ತು ಕಣಿವೆಗಳಿಗೆ ಹರಡಿದರೆ ಒಬ್ಬ ವೈದ್ಯ ತಲುಪಲಾರದಲ್ಲಿಗೆ ವಿದ್ಯೆ ತಲುಪುತ್ತದೆ. ಮೈಬಣ್ಣವನ್ನೂ ಆರೈಕೆಯನ್ನೂ ಕೂಡಿಸಿ ಅಲ್ಲಿಯ ಜನ ಅವರನ್ನು ಕಪ್ಪು ತಾಯಿ ಎಂದು ಪ್ರೀತಿಯಿಂದ ಕರೆಯುತ್ತಿದ್ದರಂತೆ. ಗಂಡಸಿಗೆ ತಾಯಿಯೆಂಬ ಬಿರುದು ಸಿಗುವುದು ಸುಲಭವಲ್ಲ.

ಸಂಸಾರ ಮತ್ತು ಅಂತ್ಯ

ವೈದ್ಯಕೀಯ ಶಾಲೆಯಲ್ಲಿ ಶುಶ್ರೂಷೆಯ ವಿದ್ಯೆಯನ್ನು ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಕೋಟಣೀಸರು ಬೆಥೂನರ ಸಮಾಧಿಯ ಸಮಾರಂಭದಲ್ಲಿ ಮೊದಲು ಕಂಡರು. 1941ರ ನವೆಂಬರ್ 25ರಂದು ಅವರ ವಿವಾಹವಾಯಿತು. 1942ರ ಆಗಸ್ಟ್ 23ರಂದು ಗಂಡುಮಗು ಜನಿಸಿತು. ಗಡಿ ಪ್ರದೇಶದ ದಂಡನಾಯಕ ನಿಯೆ ರುಂಗ್‌ಜೆನ್ ಅವರು ಮಗುವಿಗೆ ಇನ್‌ಹುವಾ ಎಂದು ಹೆಸರಿಟ್ಟರು. ಭಾರತ ಮತ್ತು ಚೀನ ಎರಡನ್ನೂ ಕೂಡಿಸಿದ ಹೆಸರು ಅದು. ಆ ವರ್ಷವೇ ಕೋಟಣೀಸರು ಚೀನದ ಕಮ್ಯೂನಿಸ್ಟ್ ಪಕ್ಷದ ಸದಸ್ಯರೂ ಆದರು.

ಆದರೆ ದೇಹವು ಸೋಲತೊಡಗಿತ್ತು. ಅರೆಹೊಟ್ಟೆಯ ಊಟ, ನಿದ್ದೆಗೇಡು, ಎಡೆಬಿಡದ ಓಡಾಟಗಳ ನಡುವೆ ಅವರಿಗೆ ಅಪಸ್ಮಾರದ ಬಾಧೆ ಕಾಣಿಸಿಕೊಂಡಿತು. ದೂರ ಹೋಗಿ ಚಿಕಿತ್ಸೆ ಪಡೆಯಲು ಹಿರಿಯರು ಸೂಚಿಸಿದರೂ ಅವರು ಆಸ್ಪತ್ರೆಯನ್ನು ಬಿಡಲೊಪ್ಪಲಿಲ್ಲ. ಪಠ್ಯದ ಬರವಣಿಗೆ ನಡೆದಿರುವಾಗಲೇ ರೋಗ ಉಲ್ಬಣಿಸಿತು. 1942ರ ಡಿಸೆಂಬರ್ 9ರಂದು, ಮಗನಿಗೆ ಮೂರೂವರೆ ತಿಂಗಳಾಗಿದ್ದಾಗ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು. ನೂರಾರು ಜನರ ಪ್ರಾಣವನ್ನು ಉಳಿಸಲು ಬೆಟ್ಟ ದಾಟಿ ಹೋಗುತ್ತಿದ್ದವರಿಗೆ, ತಮ್ಮ ಪ್ರಾಣ ಉಳಿಸಬಲ್ಲ ಔಷಧ ಆ ಬೆಟ್ಟಗಳ ಒಳಗೆ ದೊರೆಯಲಿಲ್ಲ.

ಉಳಿದ ನೆನಪು

ಸ್ವಾತಂತ್ರ್ಯದ ಮುನ್ನಾದಿನಗಳಲ್ಲಿ, 1946ರಲ್ಲಿ, ಕೊಲ್ಹಾಪುರದ ವಿ. ಶಾಂತಾರಾಮರು ಕೋಟಣೀಸರ ಜೀವನವನ್ನು ಚಲನಚಿತ್ರವಾಗಿಸಿ ತಾವೇ ಆ ಪಾತ್ರವನ್ನು ವಹಿಸಿದರು. ಖ್ವಾಜಾ ಅಹಮದ್ ಅಬ್ಬಾಸರ ಪುಸ್ತಕ ಅದಕ್ಕೆ ಆಧಾರ. ಚೀನದ ಶಿಜಿಯಾಚ್ವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಬೆಥೂನರೊಡನೆ ಕೋಟಣೀಸರ ಸಮಾಧಿಯೂ ಇದೆ. 1962ರಲ್ಲಿ ಎರಡು ದೇಶಗಳ ನಡುವೆ ಯುದ್ಧವಾಗಿ ಹಳೆಯ ಸ್ನೇಹ ಮುರಿದುಬಿದ್ದರೂ ಆ ಸಮಾಧಿಗೆ ಸಲ್ಲುವ ಗೌರವ ಕುಂದಲಿಲ್ಲ. 1982ರಲ್ಲಿ ಚೀನವೂ 1993ರಲ್ಲಿ ಭಾರತವೂ ಅವರ ಸ್ಮರಣೆಗಾಗಿ ಅಂಚೆ ಚೀಟಿಗಳನ್ನು ಹೊರತಂದವು. 2006ರಲ್ಲಿ ಚೀನದ ಅಧ್ಯಕ್ಷ ಹು ಜಿಂತಾವೋ ಅವರು ಮುಂಬಯಿಗೆ ಬಂದಾಗ ಕೋಟಣೀಸರ ಬಂಧುಗಳನ್ನು ಕಂಡು ಮಾತನಾಡಿಸಿದರು.

ತಂದೆಯ ಹಾದಿಯನ್ನು ಹಿಡಿದ ಇನ್‌ಹುವಾ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ 1967ರಲ್ಲಿ ಅಕಾಲ ಮರಣಕ್ಕೆ ಗುರಿಯಾದನು. ಗುವೊ ಚಿಂಗ್‌ಲಾನ್ ಅವರು ಭಾರತಕ್ಕೆ ಹಲವು ಬಾರಿ ಬಂದು ಗಂಡನ ಮನೆಯವರೊಡನೆ ನಂಟನ್ನು ಉಳಿಸಿಕೊಂಡು, 2012ರಲ್ಲಿ ನಿಧನರಾದರು. ಅದೇ 2012ರಲ್ಲಿ ಸೊಲ್ಲಾಪುರದ ಭೈಯಾ ಚೌಕದಲ್ಲಿರುವ ಕೋಟಣೀಸರ ಹುಟ್ಟುಮನೆಯನ್ನು ಮಹಾನಗರಪಾಲಿಕೆಯು ಸ್ಮಾರಕವನ್ನಾಗಿ ಜನರಿಗೆ ತೆರೆಯಿತು.

ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಗಳಿಂದ, ಸೊಲ್ಲಾಪುರದ ಪೇಟೆಗಳಿಂದ ಬಂದು ಕನ್ನಡದಲ್ಲಿ ಅಕ್ಷರ ಕಲಿತ ನಮ್ಮ ಮಕ್ಕಳಲ್ಲಿ ವೈದ್ಯರಾಗುವವರಿದ್ದಾರೆ, ದಾದಿಯರಾಗುವವರಿದ್ದಾರೆ, ದೂರದೇಶಗಳಿಗೆ ಹೋಗುವವರೂ ಇದ್ದಾರೆ. ಮನೆಮಾತನ್ನು ಎದೆಯಲ್ಲಿಟ್ಟುಕೊಂಡೇ ನೆರೆಯವರ ನುಡಿಯನ್ನು ಕಲಿತು ಅವರಿಗಾಗಿ ದುಡಿಯಬಹುದೆಂಬುದಕ್ಕೆ ನಮ್ಮ ಊರಿನಲ್ಲಿಯೇ ಇಷ್ಟು ದೊಡ್ಡ ಉದಾಹರಣೆಯಿದೆ. ಚಿಕಿತ್ಸೆಗೆ ಪಟ್ಟಣ ಸೇರುವಷ್ಟರಲ್ಲಿ ಹೊತ್ತು ಮೀರಿಹೋಗುವ ಹಳ್ಳಿಗಳು ನಮ್ಮ ದೇಶದಲ್ಲಿ ಇಂದಿಗೂ ಉಳಿದಿವೆ. ಅಂತಹ ಹಳ್ಳಿಗಳ ಕಡೆಗೆ ನಡೆದು ಹೋಗುವ ಕೆಲವರಾದರೂ ನಮ್ಮ ಶಾಲೆಯ ಮಕ್ಕಳಲ್ಲಿ ಮೂಡಿಬರಲಿ. ಗಡ್ಡಾ ಜಾತ್ರೆಗೆಂದು ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳು ಸಿದ್ಧರಾಮೇಶ್ವರರ ದರ್ಶನ ಮುಗಿಸಿ, ಮಕ್ಕಳ ಕೈಹಿಡಿದು ಭೈಯಾ ಚೌಕದ ಆ ಮನೆಯ ಮೆಟ್ಟಿಲನ್ನೂ ಒಮ್ಮೆ ಏರಬೇಕೆಂದು ವಿನಂತಿ.